ಸಹಾಯ ಬೇಕು: ಹಾಟ್ ರಾಡ್ ಹಾರರ್ ಟಿ-ಶರ್ಟ್, ಒಗೆದ ಮೇಲೆ ಪ್ರಿಂಟ್ ಬಿರುಕು (ತುಮಕೂರು)

ಸ್ಕ್ರೀನ್ ಪ್ರಿಂಟಿಂಗ್ ಗೊತ್ತಿರೋ ಅಣ್ಣಂದಿರೇ, ಅಕ್ಕಂದಿರೇ, ಸಲಹೆ ಬೇಕಿತ್ತು. ಡಿಸೈನ್ ಒಂದು ಹಾಟ್ ರಾಡ್ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು): 1932ರ ಫೋರ್ಡ್ ರೋಡ್‌ಸ್ಟರ್, ಬಾನೆಟ್ ಇಲ್ಲ, ಎಂಜಿನ್ ಹೊರಗೆ, ಸ್ಟೀರಿಂಗ್ ಹಿಡಿದ ಹಸಿರು ತಲೆಬುರುಡೆ, ಪಕ್ಕಕ್ಕೆಲ್ಲ ಬೆಂಕಿ. ಅಮೆರಿಕದ ಕಾರು-ಕಾರ್ಟೂನ್ ಕಲಾವಿದ ಎಡ್ ರಾತ್ 1960ರ ದಶಕದಲ್ಲಿ ಮೆರೆಸಿದ ಧಾಟಿ, ಚಿತ್ರ ಮಾತ್ರ ನಮ್ಮದೇ.

ಬಟ್ಟೆ 180 ಜಿಎಸ್‌ಎಂ (ಚದರ ಮೀಟರ್‌ಗೆ ಗ್ರಾಂ) ಕಪ್ಪು ಕಾಟನ್, ಇಂಕ್ ಪ್ಲಾಸ್ಟಿಸಾಲ್, ಅಂದ್ರೆ ಬಿಸಿಯಲ್ಲಿ ಬೆಂದರೆ ಮಾತ್ರ ಗಟ್ಟಿಯಾಗೋ ಇಂಕ್. ತಳದ ಬಿಳಿ 43ಟಿ ಮೆಶ್‌ನಲ್ಲಿ (ಸೆಂ.ಮೀ.ಗೆ 43 ಎಳೆಯ ಜಾಲರಿ): ಒಂದು ಕೋಟ್, ಫ್ಲ್ಯಾಶ್ (ಮೇಲಷ್ಟೇ ಆರೋ ಹಾಗೆ ಸ್ವಲ್ಪ ಹೊತ್ತು ಬಿಸಿ), ಇನ್ನೊಂದು ಕೋಟ್, ಫ್ಲ್ಯಾಶ್. ಅದರ ಮೇಲೆ ಹಳದಿ, ಕೆಂಪು, ಹಸಿರು 77ಟಿಯಲ್ಲಿ. ಬಿಳಿಯನ್ನು ಅಂಚಲ್ಲಿ 0.3 ಮಿ.ಮೀ. ಒಳಗೆ ತಗೊಂಡಿರೋದ್ರಿಂದ ಬಣ್ಣದಾಚೆ ಇಣುಕಲ್ಲ.

ತೊಂದರೆ ಇರೋದು ಒಗೆದ ಮೇಲೆ. ಎಳೆದರೆ ಬೆಂಕಿಯ ಭಾಗ ಸೀಳುತ್ತೆ, ಕಾರಿನ ತೆಳು ಗೆರೆಗಳು ಗಟ್ಟಿಯಾಗೇ ಇವೆ. ಹಾಗಾದ್ರೆ ದಪ್ಪ ಪದರದ ತಳ ಬೇಯ್ತಿಲ್ಲ ಅಂತಲೇ ನಮ್ಮ ಲೆಕ್ಕ. ಇನ್‌ಫ್ರಾರೆಡ್ ಗನ್ 160 ಡಿಗ್ರಿ ತೋರಿಸಿದರೂ ಅದು ಓದೋದು ಮೇಲ್ಮೈಯನ್ನಷ್ಟೇ. ಫ್ಲ್ಯಾಶ್ ಅತಿಯಾಗಿದ್ದಿದ್ರೆ ಮೇಲಿನ ಬಣ್ಣ ಬಿಳಿಗೆ ಅಂಟದೆ ಸಿಪ್ಪೆ ಥರ ಸುಲಿಯಬೇಕಿತ್ತು, ಹಾಗಾಗ್ತಿಲ್ಲ.

ಕೇಳೋದು ಇಷ್ಟು. ಫ್ಲ್ಯಾಶ್ ಯೂನಿಟ್ಟನ್ನೇ ಎತ್ತರಿಸಿ ನಿಧಾನಕ್ಕೆ ಬೇಯಿಸಿದ್ರೆ ಸಾಕಾ, ಇಲ್ಲಾ ಬೆಲ್ಟ್ ಮೇಲೆ ಸಾಗಿಸಿ ಬೇಯಿಸೋ ಕನ್ವೇಯರ್ ಡ್ರೈಯರೇ ಬೇಕಾ? ಅಂತರಸನಹಳ್ಳಿ ಕಡೆ ಯಾರಾದ್ರೂ 30 ಪೀಸ್ ಜಾಬ್‌ವರ್ಕ್ ತಗೋತಾರಾ? ಇಂಕ್ ಹಿಗ್ಗೋಕೆ ಬೆರೆಸೋ ಸ್ಟ್ರೆಚ್ ಅಡಿಟಿವ್ ಹಾಕಿದ್ರೆ ಬಿಳಿಯ ಮುಚ್ಚುವ ಶಕ್ತಿ ಎಷ್ಟು ಇಳಿಯುತ್ತೆ? ಹಾಗೇ, ಹೊಗೆಯ ಹಾಫ್‌ಟೋನ್ (ಚುಕ್ಕಿಗಳಿಂದ ಮೂಡಿಸೋ ಛಾಯೆ) 77ಟಿಯಲ್ಲಿ 45 ಎಲ್‌ಪಿಐ (ಇಂಚಿಗೆ 45 ಚುಕ್ಕಿಸಾಲು), 22.5 ಡಿಗ್ರಿ ಕೋನ ಇಟ್ಟಿದ್ದೀವಿ. ಮೊಯರೆ (ಚುಕ್ಕಿ, ಜಾಲರಿ ಎಳೆ ಸೇರಿ ಮೂಡೋ ಬೇಡದ ಪಟ್ಟೆ) ಕಾಟ ಕಂಡವರು ಕೋನ ಎಷ್ಟಿಡ್ತೀರಿ ಹೇಳಿ. ತಿಪಟೂರು, ಕುಣಿಗಲ್ ಆದರೂ ಸ್ಯಾಂಪಲ್ ಹಿಡ್ಕೊಂಡು ಬರ್ತೀವಿ.