ಷೇರುದಾರರ ರೈಲು

“ಒಂದು ಷೇರಿಗೆ ಬರೇ ನೂರು ಯೂರೋ. ಅಷ್ಟು ಕೊಟ್ಟವನು ರೈಲಿನ ಮಾಲೀಕ!” ಎಂದು ಶೀನಪ್ಪ ತನ್ನ ಫೋನನ್ನು ಜಗುಲಿಯಲ್ಲಿದ್ದವರೆಲ್ಲರ ಮೂಗಿನ ಮುಂದೆ ಒಂದು ಸುತ್ತು ತಿರುಗಿಸಿದರೂ ಎಲೆಯ ತೊಟ್ಟು ಮುರಿಯುತ್ತಿದ್ದ ಗಣಪಯ್ಯನವರು ತಲೆ ಎತ್ತಲಿಲ್ಲ. ಫ್ರಾನ್ಸಿನ ರೈಲ್‌ಕೂಪ್ ಎಂಬ ಸಹಕಾರ ಸಂಘದ ಮಾದರಿಯಲ್ಲಿ ಕೊಪ್ಪಕ್ಕೂ ಜನರದೇ ಒಂದು ರೈಲು ತರಬೇಕೆಂಬುದು ಶೀನಪ್ಪನ ಈ ವಾರದ ಯೋಜನೆಯಾಗಿತ್ತು. ಹೋದ ತಿಂಗಳಿನದು ಸಮುದಾಯದ ಜೇನುಪೆಟ್ಟಿಗೆ. ಅದರ ಲಾಂಛನ ಸಿದ್ಧವಾಗಿತ್ತು, ಜೇನು ಇನ್ನೂ ಬಂದಿರಲಿಲ್ಲ.

“ಕೊಪ್ಪ ತಾಲ್ಲೂಕಿನಲ್ಲಿ ಒಂದಡಿ ಹಳಿಯೂ ಇಲ್ಲವಲ್ಲ, ಮಾರಾಯ” ಎಂದರು ಮಾಸ್ತರರು.

“ಹಳಿ ಆಮೇಲೆ ಬರುತ್ತದೆ, ಮಾಸ್ತರೇ. ಮೊದಲು ಸದಸ್ಯತ್ವ.”

“ಸಹಕಾರವನ್ನು ನಮಗೆ ಫ್ರಾನ್ಸಿನವರು ಕಲಿಸಬೇಕೇ?” ಎಂದು ರಾಯರು ಕನ್ನಡಕ ಸರಿಪಡಿಸಿಕೊಂಡರು. “1905ರಲ್ಲಿಯೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. ಅದಿರಲಿ, ಬೈಲಾವನ್ನು ಯಾರು ಬರೆಯುತ್ತಾರೆ?”

ಗಣಪಯ್ಯನವರು ಎಲೆಗೆ ಸುಣ್ಣ ಸವರಿ, “ಆ ಫ್ರೆಂಚರ ರೈಲು ಎಲ್ಲಿಂದ ಎಲ್ಲಿಗೆ ಓಡುತ್ತದೆ?” ಎಂದು ಕೇಳಿದರು.

“ಬೋರ್ಡೋದಿಂದ ಲಿಯೋಂಗೆ.”

“ಓಡುತ್ತದೆಯೋ, ಓಡಬೇಕೆಂದಿತ್ತೋ?”

ಶೀನಪ್ಪ ಫೋನಿನಲ್ಲಿ ಏನನ್ನೋ ಹುಡುಕತೊಡಗಿದ್ದರಿಂದ ಮುಂದಿನ ಕಥೆಯನ್ನು ಮಾಸ್ತರರೇ ಹೇಳಬೇಕಾಯಿತು. ಬೋರ್ಡೋ ಮತ್ತು ಲಿಯೋಂ ನಡುವಿನ ನೇರ ರೈಲು 2010ರ ದಶಕದಲ್ಲಿ ನಿಂತುಹೋದ ಮೇಲೆ ಆ ಎರಡು ದೊಡ್ಡ ನಗರಗಳ ನಡುವೆ ರೈಲಿನಲ್ಲಿ ಹೋಗುವವರು ಪ್ಯಾರಿಸ್ಸನ್ನು ಸುತ್ತಿ ಬರಬೇಕಾಗಿತ್ತು. ಇಲ್ಲಿಂದ ಶೃಂಗೇರಿಗೆ ಹೋಗಲು ಬೆಂಗಳೂರಿಗೆ ಹೋಗಿ ಬಂದಂತೆ ಎನ್ನಿ. ನಡುವಿನ ಲಿಮೋಜ್, ಗೆರೆ, ಮೋಂಲ್ಯುಸೋಂ ಮುಂತಾದ ಊರುಗಳವರಿಗಂತೂ ಕೇಳುವವರೇ ಇರಲಿಲ್ಲ. 2019ರಲ್ಲಿ ಹುಟ್ಟಿದ ಸಂಘಕ್ಕೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಸದಸ್ಯರಾದರು. ಪರವಾನಗಿಗೆ ಬೇಕಾದ 15 ಲಕ್ಷ ಯೂರೋ ಬಂಡವಾಳ ಕೂಡಿತು. 2021ರ ನವೆಂಬರಿನಲ್ಲಿ ಒಂದು ಸರಕು ರೈಲೂ ಓಡತೊಡಗಿತು. ಪ್ರಯಾಣಿಕರ ರೈಲು ಮಾತ್ರ 2022ಕ್ಕೆ ಎಂದದ್ದು 2024ಕ್ಕೆ ಹೋಯಿತು, ಮತ್ತು ಆ 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಸಂಘವನ್ನೇ ಸಮಾಪನಗೊಳಿಸಿತು.

“ಹದಿನಾಲ್ಕು ಸಾವಿರ ಮಾಲೀಕರು, ಒಬ್ಬನೂ ಪ್ರಯಾಣಿಕನಿಲ್ಲ” ಎಂದರು ಗಣಪಯ್ಯನವರು. “ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಓಡಿದ್ದರೆ ಟಿಕೆಟ್ ಕೇಳಲು ಬಂದವನಿಗೆ ಬೋಗಿಯ ಪ್ರತಿಯೊಬ್ಬನೂ ‘ನಾನು ಯಾರು ಗೊತ್ತೇ?’ ಎನ್ನುತ್ತಿದ್ದ, ಮತ್ತು ಪ್ರತಿಯೊಬ್ಬನೂ ನಿಜವನ್ನೇ ಹೇಳುತ್ತಿದ್ದ.”

“ಕಿಟಕಿಯ ಪಕ್ಕದ ಸೀಟನ್ನು ಸರ್ವಸದಸ್ಯರ ಸಭೆಯಲ್ಲಿಯೇ ತೀರ್ಮಾನಿಸಬೇಕಾಗುತ್ತದೆ” ಎಂದು ರಾಯರು ಗಂಭೀರವಾಗಿ ಒಪ್ಪಿಕೊಂಡರು. “ಒಬ್ಬನಿಗೆ ಒಂದೇ ಮತ.”

“ಕೋರಂ ಇಲ್ಲದಿದ್ದರೆ ಗಾರ್ಡು ಹಸಿರು ಬಾವುಟ ತೋರಿಸುವಂತಿಲ್ಲ. ಅರ್ಧ ಗಂಟೆ ಕಾದು, ಅದೇ ಪ್ಲಾಟ್‌ಫಾರಂನಲ್ಲಿ ಮುಂದೂಡಿದ ರೈಲನ್ನು ಮತ್ತೆ ಹೊರಡಿಸಬೇಕು. ಹಿಂದಿನ ನಿಲ್ದಾಣದ ನಡಾವಳಿಯನ್ನು ಓದಿ ದೃಢೀಕರಿಸದೆ ಮುಂದಿನ ನಿಲ್ದಾಣಕ್ಕೆ ಹೋಗುವುದು ಹೇಗೆ?” ಎಂದರು ಗಣಪಯ್ಯನವರು.

ರಾಯರು ಇದನ್ನೂ ಒಪ್ಪುವುದರಲ್ಲಿದ್ದರು.

“ನೀವು ಎಲ್ಲವನ್ನೂ ಹೀಗೆಯೇ ಮುಗಿಸಿಬಿಡುತ್ತೀರಿ” ಎಂದು ಶೀನಪ್ಪ ಸಿಟ್ಟಾದನು. “ಯೂರೋಪಿಯನ್ ಸ್ಲೀಪರ್ ಕೂಡ ಸಹಕಾರ ಸಂಘವೇ. 2021ರಲ್ಲಿ ಕಾಲು ಗಂಟೆಯೊಳಗೆ ಜನರಿಂದ ಐದು ಲಕ್ಷ ಯೂರೋ ಎತ್ತಿದರು. 2023ರ ಮೇ ತಿಂಗಳಿನಲ್ಲಿ ಬ್ರಸೆಲ್ಸ್‌ನಿಂದ ಬರ್ಲಿನ್‌ಗೆ ರಾತ್ರಿ ರೈಲು ಹೊರಟೇಬಿಟ್ಟಿತು, ಮರುವರ್ಷ ಪ್ರಾಗ್ ಮುಟ್ಟಿತು.”

“ಅದನ್ನು ನಾನು ಮೆಚ್ಚುತ್ತೇನೆ” ಎಂದು ಗಣಪಯ್ಯನವರು ಹೇಳಿದ್ದು ಎಲ್ಲರಿಗೂ ಅನಿರೀಕ್ಷಿತವಾಗಿತ್ತು. “ಅವರು ಹಳೆಯ ಬೋಗಿಗಳನ್ನು ಬಾಡಿಗೆಗೆ ಹಿಡಿದು, ಮೊದಲು ವಾರಕ್ಕೆ ಮೂರು ರಾತ್ರಿ ಓಡಿಸಿ ನೋಡಿದರು. ಬೋಗಿ ಹಳೆಯದೆಂದು ಜನ ಬೈದಿರಬಹುದು. ಬೈಯಬೇಕಾದರೂ ಹತ್ತಿ ಕುಳಿತಿರಬೇಕಲ್ಲವೇ? ನನಗೆ ಬೇಸರವಿರುವುದು ಸಹಕಾರದ ಮೇಲಲ್ಲ, ಶೀನಪ್ಪ. ಆರಂಭಿಸುವುದೇ ಒಂದು ಕಸುಬಾಗಿದೆಯಲ್ಲ, ಅದರ ಮೇಲೆ.”

ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಳ್ಳದೆ ಅವರು ಕೈಯಲ್ಲಿಯೇ ತಿರುಗಿಸುತ್ತಿದ್ದರು.

“1991ರಲ್ಲಿ ಇದೇ ಕೊಪ್ಪದಲ್ಲಿ, ದುಡಿಯುತ್ತಿದ್ದ ಬಸ್ ಕಂಪನಿ ಕೈಬಿಟ್ಟಾಗ ಅದರ ನೌಕರರೇ ಸಂಘ ಕಟ್ಟಿಕೊಂಡು ಸಹಕಾರ ಸಾರಿಗೆಯನ್ನು ಓಡಿಸಿದರಲ್ಲ, ಅವರಿಗೆ ಲಾಂಛನದ ಚಿಂತೆ ಇತ್ತೇ? ಷೇರು ಇದ್ದವನೇ ಬೆಳಿಗ್ಗೆ ಸ್ಟಿಯರಿಂಗ್ ಹಿಡಿಯುತ್ತಿದ್ದ, ಷೇರು ಇದ್ದವನೇ ಚೀಟಿ ಹರಿಯುತ್ತಿದ್ದ. ನಮ್ಮ ಅಮ್ಮನ ಔಷಧದ ಚೀಟಿಯನ್ನು ಕಂಡಕ್ಟರ್ ಶರ್ಟಿನ ಜೇಬಿನಲ್ಲಿಟ್ಟುಕೊಂಡು ಹೋದರೆ, ಸಂಜೆಯ ಬಸ್ಸಿನಲ್ಲಿ ಔಷಧವೂ ಬರುತ್ತಿತ್ತು, ಉಳಿದ ಚಿಲ್ಲರೆಯೂ ಬರುತ್ತಿತ್ತು. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಗುಡ್ಡ ಇಳಿದು ಓಡಿ ಬರುವುದನ್ನು ಕಂಡರೆ ಡ್ರೈವರ್ ಎಂಜಿನ್ ಆಡಿಸುತ್ತ ನಿಲ್ಲುತ್ತಿದ್ದ, ಅದಕ್ಕೆ ಯಾವ ಸಭೆಯ ಠರಾವೂ ಬೇಕಾಗಿರಲಿಲ್ಲ.”

“2020ರ ಫೆಬ್ರವರಿಯಲ್ಲಿ ನಿಂತಿತು” ಎಂದರು ರಾಯರು. “ಡೀಸೆಲ್ಲು, ತೆರಿಗೆ, ನಷ್ಟ.”

“ಅವೂ ಹೌದು. ಅಷ್ಟರಲ್ಲಿ ಮನೆಮನೆಗೆ ಬೈಕು ಬಂದಿತ್ತು. ನಿಂತ ಮರುದಿನ ಬೈಕಿನ ಮೇಲೆ ಕುಳಿತೇ ‘ಅಯ್ಯೋ, ನಮ್ಮ ಬಸ್ಸು’ ಎಂದವರಿಗೆ ಲೆಕ್ಕವಿಲ್ಲ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆದರೆ ಶೀನಪ್ಪನ ಉತ್ಸಾಹಕ್ಕೆ ಮೌನದ ಅಭ್ಯಾಸವಿಲ್ಲದ್ದರಿಂದ ಅವನು ಪದಾಧಿಕಾರಿಗಳ ಪಟ್ಟಿಯನ್ನು ಬರೆಯತೊಡಗಿದನು. ಅಧ್ಯಕ್ಷಸ್ಥಾನವನ್ನು ಪ್ರವರ್ತಕನಾದ ತಾನೇ ವಹಿಸಿಕೊಳ್ಳುವುದು ಅನಿವಾರ್ಯವೆಂದನು. ರಾಯರು ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಕಾರ್ಯದರ್ಶಿಯಾದರು. ಇಷ್ಟು ಹೊತ್ತೂ ಹಳಿಯಿಲ್ಲವೆಂದು ವಾದಿಸುತ್ತಿದ್ದ ಮಾಸ್ತರರು ಉಪಾಧ್ಯಕ್ಷತೆಗೆ ಹಳಿಯ ಅಗತ್ಯವಿಲ್ಲವೆಂಬುದನ್ನು ಮನಗಂಡರು.

“ನಿಮ್ಮನ್ನು ಏನೆಂದು ಬರೆದುಕೊಳ್ಳಲಿ, ಗಣಪಯ್ಯನವರೇ? ನಿರ್ದೇಶಕರೆನ್ನಲೇ?”

“ಪ್ರಯಾಣಿಕನೆಂದು ಬರೆದುಕೋ” ಎಂದರು ಗಣಪಯ್ಯನವರು. “ಅವಿರೋಧ ಆಯ್ಕೆಯಾಗಿಬಿಡುತ್ತದೆ.”