ಮೊದಲ ಬೆಳಕಿನ ಖಡ್ಗ: ಎಲ್‌ಇಡಿ ಹಿಡಿಯೊಳಗೋ, ಅಲಗಿನುದ್ದಕ್ಕೋ?

ಪ್ರಶ್ನೆ:
ನಮಸ್ಕಾರ. ಅಲ್ಯೂಮಿನಿಯಂ ಹಿಡಿ ಮತ್ತು ಪಾಲಿಕಾರ್ಬೊನೇಟ್ ಕೊಳವೆಯ ಅಲಗು ಬಳಸಿ, ಸ್ವಂತ ವಿನ್ಯಾಸದ ಬೆಳಗುವ ಖಡ್ಗವೊಂದನ್ನು ಮೊದಲ ಬಾರಿಗೆ ತಯಾರಿಸಬೇಕೆಂದಿದ್ದೇನೆ. ಅಲಗಿನುದ್ದಕ್ಕೂ ಮೀಟರಿಗೆ 144 ಎಲ್‌ಇಡಿಗಳಿರುವ 5 ವೋಲ್ಟ್ ಪಟ್ಟಿ ಕೂರಿಸಲೇ, ಹಿಡಿಯೊಳಗೆ ಒಂದೇ ಪ್ರಬಲ ಎಲ್‌ಇಡಿ ಇಟ್ಟರೆ ಸಾಕೇ? ಕತ್ತಿವರಸೆಯ ಅಭ್ಯಾಸಕ್ಕೂ ಇದನ್ನು ಬಳಸುವ ಆಸೆಯಿದೆ.

ಉತ್ತರ 1:
ಅಭ್ಯಾಸಕ್ಕೆ ಬಳಸುವುದಾದರೆ ಹಿಡಿಯೊಳಗಿನ ಎಲ್‌ಇಡಿಯನ್ನೇ ಆರಿಸಿಕೊಳ್ಳಿ. ಹೊಡೆತ ಬಿದ್ದಾಗ ಪಟ್ಟಿಯ ಬೆಸುಗೆಗಳು ಬಿರುಕು ಬಿಡುತ್ತವೆ. ಖಾಲಿ ಕೊಳವೆಯಾದರೆ ಹಾಳಾದಾಗ ಅದನ್ನಷ್ಟೇ ಬದಲಿಸಬಹುದು. ಅಲಗಿಗೆ ಅಕ್ರಿಲಿಕ್ ಮಾತ್ರ ಬೇಡ, ಅದು ಒಡೆದು ಚೂರಾಗುತ್ತದೆ. ಎಲ್‌ಇಡಿಯ ಶಾಖವನ್ನು ಹೀರುವ ಲೋಹದ ತುಂಡು ಹಿಡಿಯ ಒಳಗೋಡೆಗೆ ಬಿಗಿಯಾಗಿ ತಾಗಿರಲಿ. ಕೊಳವೆಯೊಳಗೆ ಬೆಳಕು ಹರಡುವ ಹಾಳೆ ಸುತ್ತಿಟ್ಟು, ತುದಿಯಲ್ಲಿ ಒಳಮುಖವಾಗಿ ಪ್ರತಿಫಲಕ ಬಿಲ್ಲೆಯೊಂದನ್ನು ಅಂಟಿಸಿದರೆ ಅಲಗು ತುದಿಯವರೆಗೂ ಹೆಚ್ಚು ಸಮನಾಗಿ ಬೆಳಗುತ್ತದೆ.

ಉತ್ತರ 2:
ಮೇಲಿನ ಸಲಹೆ ಸರಿಯಾದುದೇ. ಆದರೂ ಬೆಳಕು ಬುಡದಿಂದ ತುದಿಗೆ ಹರಿಯುವ ಸೊಬಗು ಬೇಕೆಂದರೆ ಪಟ್ಟಿಯೇ ಬೇಕು, ಆಗ ವಿದ್ಯುತ್ತಿನ ಲೆಕ್ಕ ಮುಖ್ಯವಾಗುತ್ತದೆ. ಸಾಮಾನ್ಯ ಪಟ್ಟಿಗಳಲ್ಲಿ ಪ್ರತಿ ಎಲ್‌ಇಡಿ ಪೂರ್ಣ ಬಿಳಿ ಬೆಳಕಿಗೆ ಗರಿಷ್ಠ ಸುಮಾರು 60 ಮಿಲಿಆಂಪಿಯರ್ ಎಳೆಯುವುದರಿಂದ, ಒಂದು ಮೀಟರಿಗೆ 8.6 ಆಂಪಿಯರ್ ಆಗುತ್ತದೆ. ಬಿಳಿ ಬೆಳಕು ಮೂಡುವುದು ಕೆಂಪು, ಹಸಿರು, ನೀಲಿ ಮೂರೂ ಸೇರಿದಾಗ; ಇವುಗಳಲ್ಲಿ ಒಂದೇ ಬಣ್ಣವಾದರೆ ಸುಮಾರು ಅದರ ಮೂರನೇ ಒಂದು ಭಾಗ. ಆದ್ದರಿಂದ 18650 ಲಿಥಿಯಂ ಕೋಶ (ಸುಮಾರು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ದುಂಡು ಬ್ಯಾಟರಿ) ಕೊಳ್ಳುವಾಗ ಅದು ನಿರಂತರವಾಗಿ ಎಷ್ಟು ಆಂಪಿಯರ್ ಕೊಡಬಲ್ಲದೆಂದು ನೋಡಿ, ರಕ್ಷಣಾ ಸರ್ಕ್ಯೂಟನ್ನು ತಪ್ಪದೆ ಅಳವಡಿಸಿ. ಲೋಹ ಕತ್ತರಿಸುವ ಮೊದಲು ಕೋಶ, ಸ್ವಿಚ್, ಸರ್ಕ್ಯೂಟ್ ಬೋರ್ಡ್‌ಗಳನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಬಿಡಿಸಿ, ತಂತಿ ಬಾಗಲು ಜಾಗ ಬಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಿಡಿಯೊಳಗಿನ ಎಲ್‌ಇಡಿಯಿಂದಲೇ ಆರಂಭಿಸುತ್ತೇನೆ. ನಕ್ಷೆ ಸಿದ್ಧವಾದೊಡನೆ ಇಲ್ಲಿ ಹಾಕುತ್ತೇನೆ.