ಬೂಟ್‌ಲೋಡರ್ ಅನ್‌ಲಾಕ್ ಮಾಡಲಾ, ಬೇಡವಾ? ಗುಂಪಿನಲ್ಲಿ ಫೋನ್ ರಿಪೇರಿಯವರಿಗೆ ಪ್ರಶ್ನೆ

ಪ್ರಶ್ನೆ: ಸರ್, ನನ್ನ ಫೋನಿಗೆ ನಾಲ್ಕು ವರ್ಷ ಆಯಿತು. ಬ್ಯಾಟರಿ ಪರವಾಗಿಲ್ಲ, ಸ್ಕ್ರೀನ್ ಚೆನ್ನಾಗಿದೆ, ಆದರೆ ಕಂಪನಿಯವರು ಅಪ್‌ಡೇಟ್ ನಿಲ್ಲಿಸಿ ಒಂದೂವರೆ ವರ್ಷ ಆಗಿದೆ. ಸ್ವಯಂಸೇವಕರು ಮಾಡುವ ಲೀನಿಯೇಜ್ ಓಎಸ್ ಅನ್ನುವ ಆಂಡ್ರಾಯ್ಡ್ ಹಾಕಿಕೊಂಡರೆ ಹೊಸ ಆಂಡ್ರಾಯ್ಡ್ ಸಿಗುತ್ತದೆ ಅಂತ ಗೊತ್ತಾಯಿತು. ಅದಕ್ಕೆ ಮೊದಲು ಬೂಟ್‌ಲೋಡರ್ (ಫೋನ್ ಆನ್ ಆದಾಗ ಆಂಡ್ರಾಯ್ಡನ್ನು ಎಬ್ಬಿಸುವ ಪ್ರೋಗ್ರಾಮ್) ಅನ್‌ಲಾಕ್ ಮಾಡಬೇಕಂತೆ. ಒಂದು ವಿಡಿಯೊದಲ್ಲಿ ಐದು ನಿಮಿಷದ ಕೆಲಸ ಅಂದರು, ಇನ್ನೊಂದರಲ್ಲಿ ಫೋನ್ ಸತ್ತೇ ಹೋಗುತ್ತದೆ ಅಂದರು. ಯಾವುದು ನಿಜ? ಡೇಟಾ ಎಲ್ಲ ಅಳಿಸಿ ಹೋಗುತ್ತದಂತೆ, ಅದನ್ನು ತಪ್ಪಿಸುವ ದಾರಿ ಇದೆಯಾ? ಫೋನಿನಲ್ಲಿ ಬ್ಯಾಂಕ್ ಆಪ್ ಕೂಡ ಇದೆ.

ಉತ್ತರ: ಎರಡೂ ನಿಜ, ಆದರೆ ಬೇರೆ ಬೇರೆ ಹಂತಕ್ಕೆ. ಅನ್‌ಲಾಕ್ ಮಾಡುವುದು ನಿಜಕ್ಕೂ ಐದು ನಿಮಿಷದ ಕೆಲಸ, ಅದರಿಂದ ಫೋನ್ ಸತ್ತಿದ್ದನ್ನು ನಾನು ನೋಡಿಲ್ಲ. ಸಾಯುವುದು ಆಮೇಲೆ. ತಪ್ಪು ಫೈಲ್ ಹಾಕಿದಾಗ, ಇಲ್ಲವೇ ಅವಸರದಲ್ಲಿ ಮತ್ತೆ ಲಾಕ್ ಮಾಡಿದಾಗ.

ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಇದು ಗೊತ್ತಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ. ಪವರ್ ಬಟನ್ ಒತ್ತಿದ ಕೂಡಲೇ ಮೊದಲು ಓಡುವುದು ಚಿಪ್‌ನೊಳಗೇ ಕೂತಿರುವ ಒಂದು ಪುಟ್ಟ ಪ್ರೋಗ್ರಾಮ್. ಅದನ್ನು ಯಾರಿಂದಲೂ ಬದಲಿಸಲು ಆಗುವುದಿಲ್ಲ. ಅದು ಬೂಟ್‌ಲೋಡರ್‌ನ ಡಿಜಿಟಲ್ ಸಹಿ, ಅಂದರೆ ಇದು ಕಂಪನಿಯದೇ ಅನ್ನುವ ಗುರುತು, ನೋಡುತ್ತದೆ. ಸರಿ ಇದ್ದರೆ ಬೂಟ್‌ಲೋಡರ್ ಓಡುತ್ತದೆ, ಅದು ಆಂಡ್ರಾಯ್ಡ್‌ನ ತಿರುಳಾದ ಕರ್ನಲ್‌ನ ಸಹಿ ನೋಡುತ್ತದೆ. ಕರ್ನಲ್ ಬಂದ ಮೇಲೆ ಸಿಸ್ಟಮ್ ಪಾರ್ಟಿಷನ್ನಿನ (ಫೋನಿನ ಸ್ಟೋರೇಜ್‌ನಲ್ಲಿ ಆಂಡ್ರಾಯ್ಡ್ ಕೂತಿರುವ ಭಾಗ) ಒಂದೊಂದು ಬ್ಲಾಕನ್ನೂ ಓದುವಾಗಲೇ ಪರೀಕ್ಷೆ ನಡೆಯುತ್ತಿರುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೀಗೆ ನಂಬಿಕೆ ದಾಟುತ್ತಾ ಹೋಗುತ್ತದೆ. ಅನ್‌ಲಾಕ್ ಅಂದರೆ ಬೂಟ್‌ಲೋಡರ್‌ಗೆ "ಮುಂದಿನ ಸಾಫ್ಟ್‌ವೇರ್‌ನ ಸಹಿ ಹೊಂದದಿದ್ದರೂ ಬಿಡು, ಓಡಿಸು" ಅಂತ ಹೇಳುವುದು, ಅಷ್ಟೇ. ಆದರೆ ಬೂಟ್‌ಲೋಡರ್‌ನ ಸಹಿಯನ್ನು ಚಿಪ್ ಆಗಲೂ ನೋಡುತ್ತದೆ. ಅದಕ್ಕೇ ಬೇರೆ ಮಾಡೆಲ್‌ನ ಬೂಟ್‌ಲೋಡರ್ ಫೈಲ್ ಹಾಕಿದರೆ ಫೋನ್ ಕಪ್ಪಾಗಿ ಕೂತುಬಿಡುತ್ತದೆ.

ಡೇಟಾ ಅಳಿಸುವುದನ್ನು ತಪ್ಪಿಸಲು ಆಗುವುದಿಲ್ಲ, ತಪ್ಪಿಸಲೂಬಾರದು. ಯೋಚನೆ ಮಾಡಿ, ನಿಮ್ಮ ಫೋನ್ ಕದ್ದವನು ಬೂಟ್‌ಲೋಡರ್ ತೆರೆದು ತನ್ನದೇ ಸಾಫ್ಟ್‌ವೇರ್ ಹಾಕಿ ಪಿನ್ ಊಹಿಸುತ್ತಾ ಕೂರಬಹುದಾಗಿದ್ದರೆ ಲಾಕ್ ಇದ್ದು ಏನು ಪ್ರಯೋಜನ? ಅದಕ್ಕೇ ಅನ್‌ಲಾಕ್ ಆಗುವ ಕ್ಷಣದಲ್ಲೇ ಫೋನ್ ಎಲ್ಲವನ್ನೂ ಅಳಿಸಿಹಾಕುತ್ತದೆ. "ಡೇಟಾ ಹೋಗದಂತೆ ಅನ್‌ಲಾಕ್ ಮಾಡಿಕೊಡುತ್ತೇನೆ" ಅಂತ ಯಾರಾದರೂ ಹೇಳಿದರೆ ಅವರು ಚಿಪ್‌ನ ಯಾವುದೋ ದೋಷವನ್ನು ಬಳಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. ಅಂಥವರ ಕೈಗೆ ನಿಮ್ಮ ಫೋನ್ ಕೊಡಬೇಡಿ.

ಬ್ಯಾಕಪ್ ಅಂದಾಗ ಎಲ್ಲರೂ ಫೋಟೊ, ಚಾಟ್ ನೆನಪಿಸಿಕೊಳ್ಳುತ್ತಾರೆ. ಆರು ಅಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆಪ್ ಮರೆತುಬಿಡುತ್ತಾರೆ. ಅದು ಹೋದರೆ ಇಮೇಲ್‌ನಿಂದ ಹಿಡಿದು ಎಲ್ಲ ಖಾತೆಗಳ ಹೊರಗೆ ನಿಲ್ಲಬೇಕಾಗುತ್ತದೆ. ಮೊದಲು ಅದನ್ನು ಬೇರೆ ಫೋನಿಗೆ ಸಾಗಿಸಿ. ಇ-ಸಿಮ್ ಇದ್ದರೆ ಅದನ್ನು ಮತ್ತೆ ಪಡೆಯುವುದು ಹೇಗೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಇದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಇದೆ. ನಿಮ್ಮ ಫೋನಿನ ಪೂರ್ತಿ ಮಾಡೆಲ್ ನಂಬರ್ ನೋಡಿ, ಅದಕ್ಕೆ ಈಗಲೂ ಯಾರಾದರೂ ಲೀನಿಯೇಜ್ ನಡೆಸುತ್ತಿದ್ದಾರಾ ಅಂತ ಅವರ ವಿಕಿಯಲ್ಲಿ ಹುಡುಕಿ. ಒಂದೇ ಹೆಸರಿನಲ್ಲಿ ಎರಡು ಮೂರು ಬೇರೆ ಚಿಪ್‌ಗಳ ಫೋನ್ ಮಾರಿರುತ್ತಾರೆ, ಪೆಟ್ಟಿಗೆ ಮೇಲಿನ ಹೆಸರು ನಂಬಬೇಡಿ. ಹಾಕುವುದಕ್ಕೆ ಏನೂ ಇಲ್ಲದೆ ಬೂಟ್‌ಲೋಡರ್ ತೆರೆದು ಕೂತವರನ್ನು ತುಂಬ ನೋಡಿದ್ದೇನೆ. ಡೇಟಾ ಹೋಯಿತು, ಬ್ಯಾಂಕ್ ಆಪ್ ನಿಂತಿತು, ಫೋನ್ ಮಾತ್ರ ಅದೇ ಹಳೆಯದು.

ಪ್ರಶ್ನೆ: ತುಂಬ ಥ್ಯಾಂಕ್ಸ್ ಸರ್. ವಿಕಿಯಲ್ಲಿ ನನ್ನ ಮಾಡೆಲ್ ಇದೆ. ಅನ್‌ಲಾಕ್ ಮಾಡುವ ಕ್ರಮ ಎಲ್ಲ ಫೋನಿಗೂ ಒಂದೇನಾ? ಬ್ಯಾಂಕ್ ಆಪ್ ವಿಷಯ ಹೇಳಲಿಲ್ಲ.

ಉತ್ತರ: ಶುರು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಓಇಎಂ ಅನ್‌ಲಾಕಿಂಗ್ (ಅನ್‌ಲಾಕ್‌ಗೆ ಅನುಮತಿ ಕೊಡುವ ಬಟನ್) ಮತ್ತು ಯುಎಸ್‌ಬಿ ಡಿಬಗ್ಗಿಂಗ್ ಎರಡನ್ನೂ ಆನ್ ಮಾಡಿ. ಮುಂದೆ ದಾರಿ ಕವಲೊಡೆಯುತ್ತದೆ. ಗೂಗಲ್ ಪಿಕ್ಸೆಲ್ ಆದರೆ ಕಂಪ್ಯೂಟರಿನಿಂದ ಫಾಸ್ಟ್‌ಬೂಟ್ ಮೋಡ್‌ಗೆ (ಬೂಟ್‌ಲೋಡರ್ ನೇರವಾಗಿ ಕಮಾಂಡ್ ಕೇಳುವ ಸ್ಥಿತಿ) ಹೋಗಿ "ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಅನ್‌ಲಾಕ್" ಅಂತ ಕಮಾಂಡ್ ಕೊಡಿ, ಫೋನಿನ ವಾಲ್ಯೂಮ್ ಬಟನ್‌ನಿಂದ ಒಪ್ಪಿಗೆ ಕೊಡಿ, ಮುಗಿಯಿತು. ಮೊಟೊರೊಲಾ, ಸೋನಿ ಫೋನುಗಳಿಗೆ ಕಂಪನಿಯ ವೆಬ್‌ಸೈಟಿನಿಂದ ಆ ಒಂದು ಫೋನಿಗೆಂದೇ ಇರುವ ಕೋಡ್ ಪಡೆಯಬೇಕು. ಶಿಯೋಮಿಯಲ್ಲಿ ಖಾತೆಯನ್ನು ಫೋನಿಗೆ ಜೋಡಿಸಿ ದಿನಗಟ್ಟಲೆ ಕಾಯಬೇಕು, ಅವರ ಹೊಸ ಸಾಫ್ಟ್‌ವೇರ್ ಹೈಪರ್ ಓಎಸ್ ಬಂದ ಮೇಲೆ ನಿಯಮ ಇನ್ನೂ ಬಿಗಿಯಾಗಿದೆ. ಹುವಾವೇ 2018ರಲ್ಲೇ ಕೋಡ್ ಕೊಡುವುದನ್ನು ನಿಲ್ಲಿಸಿತು.

ಬ್ಯಾಂಕ್ ಆಪ್ ವಿಷಯದಲ್ಲಿ ನಿಮಗೆ ಆಸೆ ಹುಟ್ಟಿಸುವುದಿಲ್ಲ. ಆಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಮೂಲಕ "ಈ ಫೋನ್ ನಂಬಬಹುದಾ" ಅಂತ ಕೇಳುತ್ತವೆ. ಹೊಸ ಫೋನುಗಳಲ್ಲಿ ಅದಕ್ಕೆ ಉತ್ತರ ಬರುವುದು ಆಂಡ್ರಾಯ್ಡ್‌ನಿಂದ ಅಲ್ಲ, ಚಿಪ್‌ನ ಸುರಕ್ಷಿತ ಭಾಗದಿಂದ. ಬೂಟ್‌ಲೋಡರ್ ತೆರೆದಿದೆ ಅಂತ ಅದು ತನ್ನದೇ ಸಹಿ ಹಾಕಿ ಹೇಳುತ್ತದೆ. ಕೆಲವು ಆಪ್‌ಗಳು ಅಷ್ಟು ಕಟ್ಟುನಿಟ್ಟಾಗಿ ನೋಡುವುದಿಲ್ಲ, ಕೆಲವು ಬಾಗಿಲೇ ತೆರೆಯುವುದಿಲ್ಲ. ಫೋನಿನ ಪೂರ್ತಿ ಹಿಡಿತ ಕೊಡುವ ಮ್ಯಾಜಿಸ್ಕ್ ಅನ್ನುವ ಸಾಧನ ಹಾಕಿ, ಮೇಲೆ ಇನ್ನೊಂದು ಮಾಡ್ಯೂಲ್ ಹಾಕಿ ಇದನ್ನು ಮುಚ್ಚಿಡುವ ಉಪಾಯಗಳಿವೆ. ಇವತ್ತು ನಡೆಯುತ್ತದೆ, ಮುಂದಿನ ತಿಂಗಳು ನಿಲ್ಲುತ್ತದೆ. ದುಡ್ಡಿನ ವ್ಯವಹಾರವನ್ನು ಅಂಥದ್ದರ ಮೇಲೆ ನಿಲ್ಲಿಸಬೇಡಿ. ಬ್ಯಾಂಕಿಗೆ ಇನ್ನೊಂದು ಫೋನ್ ಇಲ್ಲದಿದ್ದರೆ, ಬ್ರೌಸರ್‌ನಲ್ಲಿ ಕೆಲಸ ಆಗದಿದ್ದರೆ, ಈ ಫೋನಿಗೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ. ವಿಡಿಯೊ ಆಪ್‌ಗಳಿಗೂ ಪೆಟ್ಟು ಬೀಳಬಹುದು. ವಿಡಿಯೊ ನಕಲು ತಡೆಯುವ ವೈಡ್‌ವೈನ್ ವ್ಯವಸ್ಥೆಯ ಮಟ್ಟ ಎಲ್1 ಇದ್ದದ್ದು ಎಲ್3ಗೆ ಇಳಿದರೆ ಹೆಚ್‌ಡಿ ಹೋಗಿ ಮಸುಕಾಗಿ ಕಾಣುತ್ತದೆ.

ಗುಂಪಿನ ಇನ್ನೊಬ್ಬರು: ಅಣ್ಣ, ನಡುವೆ ಬಂದೆ, ಬೇಜಾರಾಗಬೇಡಿ. ನಾನು ಕಸ್ಟಮ್ ರಾಮ್ (ಕಂಪನಿಯದಲ್ಲದ ಸಾಫ್ಟ್‌ವೇರ್) ಹಾಕಿದ್ದೆ, ಎಲ್ಲ ಚೆನ್ನಾಗಿತ್ತು. ಆನ್ ಮಾಡಿದಾಗಲೆಲ್ಲ ಬರುವ ಎಚ್ಚರಿಕೆ ಪರದೆ ನೋಡಿ ಸಾಕಾಗಿ "ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಲಾಕ್" ಕೊಟ್ಟೆ. ಈಗ "ಬೇರೆ ಆಪರೇಟಿಂಗ್ ಸಿಸ್ಟಮ್ ಇದೆ, ಸ್ಟಾರ್ಟ್ ಆಗುವುದಿಲ್ಲ" ಅಂತ ಬಂದು ಅಲ್ಲೇ ನಿಂತಿದೆ. ಏನಾದರೂ ಮಾಡಬಹುದಾ?

ಉತ್ತರ: ಅಯ್ಯೋ, ನಾನು ಎಲ್ಲಕ್ಕಿಂತ ಜಾಸ್ತಿ ಹೆದರುವುದು ಇದಕ್ಕೇ. ತಮ್ಮಾ, ಅನ್‌ಲಾಕ್ ಇರುವವರೆಗೂ ಬೂಟ್‌ಲೋಡರ್ ಸಹಿ ನೋಡದೆ ಬಿಡುತ್ತಿತ್ತು. ಲಾಕ್ ಮಾಡಿದ ಕೂಡಲೇ ಮತ್ತೆ ನೋಡಲು ಶುರು ಮಾಡಿತು. ಒಳಗಿರುವುದು ಕಂಪನಿಯ ಸಹಿ ಅಲ್ಲ, ಅದಕ್ಕೆ ನಿಲ್ಲಿಸಿತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಓಇಎಂ ಅನ್‌ಲಾಕಿಂಗ್ ಆನ್ ಆಗಿಯೇ ಇತ್ತಾ? ಆನ್ ಇದ್ದರೆ ಬದುಕುವ ಅವಕಾಶ ಇದೆ. ಫಾಸ್ಟ್‌ಬೂಟ್ ಮೋಡ್‌ಗೆ ಹೋಗಿ ಮತ್ತೆ ಅನ್‌ಲಾಕ್ ಕಮಾಂಡ್ ಕೊಟ್ಟು ನೋಡಿ. ಡೇಟಾ ಹೇಗೂ ಹೋಗಿದೆ, ಲಾಕ್ ಮಾಡಿದಾಗಲೂ ಅಳಿಸುತ್ತದೆ. ಆಫ್ ಮಾಡಿದ್ದರೆ ಆ ಬಾಗಿಲು ಮುಚ್ಚಿದೆ. ಆಗ ಉಳಿಯುವುದು ಚಿಪ್‌ನ ತುರ್ತು ಮೋಡ್, ಕ್ವಾಲ್‌ಕಾಮ್‌ನಲ್ಲಿ ಇಡಿಎಲ್ ಅನ್ನುತ್ತಾರೆ. ಅದಕ್ಕೂ ಕಂಪನಿ ಸಹಿ ಹಾಕಿದ ಒಂದು ಫೈಲ್ ಬೇಕು, ಕೆಲವು ಕಂಪನಿಗಳು ಅಧಿಕೃತ ಸರ್ವಿಸ್‌ನವರ ಖಾತೆ ಇಲ್ಲದೆ ಬಿಡುವುದಿಲ್ಲ. ಮೊದಲು ಅಧಿಕೃತ ಸರ್ವಿಸ್‌ಗೇ ಒಯ್ಯಿರಿ, ನಡೆದದ್ದನ್ನು ಮುಚ್ಚಿಡದೆ ಹೇಳಿ, ಅವರ ಕೆಲಸ ಸುಲಭ ಆಗುತ್ತದೆ.

ಉಳಿದವರಿಗೆ: ಮತ್ತೆ ಲಾಕ್ ಮಾಡಲೇಬೇಕೆಂದರೆ ಮೊದಲು ಕಂಪನಿಯ ಪೂರ್ತಿ ಫರ್ಮ್‌ವೇರ್ (ಕಂಪನಿಯದೇ ಮೂಲ ಸಾಫ್ಟ್‌ವೇರ್) ಹಾಕಿ, ಒಂದು ಪಾರ್ಟಿಷನ್ನೂ ಬಿಡಬಾರದು. ಒಮ್ಮೆ ಬೂಟ್ ಆಗಲಿ, ಸಿಮ್, ವೈಫೈ ಸರಿ ಇದೆಯಾ ನೋಡಿ, ಓಇಎಂ ಅನ್‌ಲಾಕಿಂಗ್ ಆನ್ ಇಟ್ಟುಕೊಂಡೇ ಲಾಕ್ ಮಾಡಿ. ಫರ್ಮ್‌ವೇರ್ ಹಳೆಯದಾಗಿರಬಾರದು. ಆಂಟಿ-ರೋಲ್‌ಬ್ಯಾಕ್ ಅಂತ ಒಂದು ಎಣಿಕೆ ಚಿಪ್‌ನಲ್ಲಿರುತ್ತದೆ, ಅದಕ್ಕಿಂತ ಹಿಂದಿನ ಆವೃತ್ತಿ ಹಾಕಿದರೆ ಕೆಲವು ಫೋನ್‌ಗಳು ಏಳುವುದೇ ಇಲ್ಲ. ಪಿಕ್ಸೆಲ್‌ನಂಥ ಕೆಲವು ಫೋನ್‌ಗಳಲ್ಲಿ ಒಂದು ಒಳ್ಳೆಯ ಅನುಕೂಲ ಇದೆ, ಬೇರೆಯವರ ಸಹಿಯ ಕೀಲಿಯನ್ನೂ ಬೂಟ್‌ಲೋಡರ್‌ಗೆ ಕೊಟ್ಟು ಲಾಕ್ ಮಾಡಬಹುದು. ಸುರಕ್ಷತೆಗೆ ಹೆಸರಾದ ಗ್ರಾಫೀನ್ ಓಎಸ್ ಅನ್ನುವ ಆಂಡ್ರಾಯ್ಡ್ ಪಿಕ್ಸೆಲ್‌ನಲ್ಲಿ ಹಾಗೇ ನಡೆಯುತ್ತದೆ. ಎಲ್ಲ ಕಂಪನಿಗಳೂ ಇದನ್ನು ಕೊಡಬೇಕಿತ್ತು ಅಂತ ನನಗೆ ಮನಸ್ಸಾರೆ ಅನಿಸುತ್ತದೆ. ಫೋನ್ ನಮ್ಮದು ಅಂದ ಮೇಲೆ ಕೀಲಿಯೂ ನಮ್ಮದೇ ಆಗಬೇಕು ಅಲ್ವಾ?

ಮತ್ತೊಬ್ಬರು: ನನ್ನದು ಸ್ಯಾಮ್‌ಸಂಗ್. ಆಮೇಲೆ ಹಳೇ ಸಾಫ್ಟ್‌ವೇರ್‌ಗೆ ಬಂದರೆ ಎಲ್ಲ ಮೊದಲಿನಂತೆ ಆಗುತ್ತದಲ್ಲ?

ಉತ್ತರ: ಆಗುವುದಿಲ್ಲ. ಅದರಲ್ಲಿ ನಾಕ್ಸ್ ಅಂತ ಒಂದು ಎಲೆಕ್ಟ್ರಾನಿಕ್ ಫ್ಯೂಸ್ ಇದೆ. ಅಧಿಕೃತವಲ್ಲದ ಸಾಫ್ಟ್‌ವೇರ್ ಹೊಕ್ಕ ಕೂಡಲೇ ಅದು ಸುಟ್ಟು 0x0 ಇದ್ದದ್ದು 0x1 ಆಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ಪೇ ಆ ಫೋನಿನಲ್ಲಿ ಮತ್ತೆ ನಡೆಯುವುದಿಲ್ಲ. ಅವು ನಿಮಗೆ ಬೇಕಾದರೆ ಇಲ್ಲೇ ನಿಲ್ಲಿಸಿ.

ಪ್ರಶ್ನೆ (ಮೊದಲು ಕೇಳಿದವರು): ಸರ್, ಬ್ಯಾಂಕ್ ಕೆಲಸವನ್ನು ಮನೆಯ ಇನ್ನೊಂದು ಫೋನಿಗೆ ಬದಲಾಯಿಸಿದೆ. ಕೊನೆಯದಾಗಿ, ಬೂಟ್‌ಲೋಡರ್ ತೆರೆದಿಟ್ಟ ಫೋನ್ ಸುರಕ್ಷಿತವಾ? ಅಪ್‌ಡೇಟ್ ಇಲ್ಲದೆ ಲಾಕ್ ಇರುವ ಈಗಿನ ಸ್ಥಿತಿಯೇ ಮೇಲಾ?

ಉತ್ತರ: ಒಳ್ಳೆಯ ಪ್ರಶ್ನೆ, ಸುಲಭದ ಉತ್ತರ ಇಲ್ಲ. ತೆರೆದ ಬೂಟ್‌ಲೋಡರ್‌ನ ಅಪಾಯ ಫೋನ್ ಕೈಗೆ ಸಿಕ್ಕವರಿಂದ. ಅವರು ತಿದ್ದಿದ ಬೂಟ್ ಇಮೇಜ್ (ಕರ್ನಲ್ ಇರುವ ಫೈಲ್) ಹಾಕಿ ಸುಮ್ನೆ ವಾಪಸ್ ಇಟ್ಟರೆ, ನೀವು ಪಿನ್ ಹೊಡೆದಾಗ ಅದು ಕದಿಯಬಹುದು. ಅಪ್‌ಡೇಟ್ ಇಲ್ಲದ ಫೋನಿನ ಅಪಾಯ ದೂರದಿಂದ, ಒಂದು ಮೆಸೇಜ್, ಒಂದು ಲಿಂಕ್ ಸಾಕು. ಫೋನ್ ಯಾವಾಗಲೂ ಜೇಬಿನಲ್ಲೇ ಇರುವವರಿಗೆ ಎರಡನೆಯದೇ ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ. ಆದರೆ ಒಂದು ಮಾತು ತಿಳಿದಿರಲಿ. ಲೀನಿಯೇಜ್‌ನವರು ಆಂಡ್ರಾಯ್ಡ್ ಭಾಗವನ್ನು ಹೊಸದಾಗಿ ಇಡಬಲ್ಲರು. ಮೋಡೆಮ್ ಮತ್ತು ಚಿಪ್‌ನ ಒಳಗಿನ ಫರ್ಮ್‌ವೇರ್ ಕಂಪನಿಯದು, ಕಂಪನಿ ಕೈಬಿಟ್ಟ ಮೇಲೆ ಅದು ಹಳೆಯದಾಗಿಯೇ ಉಳಿಯುತ್ತದೆ. ಅಂದರೆ ಫೋನಿನ ಆಯುಸ್ಸು ಹೆಚ್ಚುತ್ತದೆ, ಪೂರ್ತಿ ಹೊಸದಾಗುವುದಿಲ್ಲ.

ಹಾಕುವಾಗ ವಿಕಿಯಲ್ಲಿ ಹೇಳಿದ ರಿಕವರಿಯನ್ನೇ (ಹೊಸ ಸಾಫ್ಟ್‌ವೇರ್ ಹಾಕಿಕೊಡುವ ಪುಟ್ಟ ಪ್ರೋಗ್ರಾಮ್) ಬಳಸಿ, ಅವರು ಹೇಳಿದ ಫರ್ಮ್‌ವೇರ್ ಆವೃತ್ತಿ ಮೊದಲು ಇರಲಿ. ಅಳಿಸುವ ಪಟ್ಟಿಯಲ್ಲಿ ಕಂಡದ್ದಕ್ಕೆಲ್ಲ ಟಿಕ್ ಹಾಕಬೇಡಿ. ಪರ್ಸಿಸ್ಟ್, ಇಎಫ್‌ಎಸ್ ಅನ್ನುವ ಪಾರ್ಟಿಷನ್‌ಗಳಲ್ಲಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಸೆನ್ಸರ್‌ಗಳ ಹೊಂದಾಣಿಕೆ ಎಲ್ಲ ಇರುತ್ತದೆ, ಅವು ಹೋದರೆ ನೆಟ್‌ವರ್ಕೇ ಬರದಿರಬಹುದು. ಕೇಬಲ್ ಗಟ್ಟಿಯಾದದ್ದು ಇರಲಿ.

ಪ್ರಶ್ನೆ: ಸರ್, ಬ್ಯಾಕಪ್ ಎಲ್ಲ ಆಯಿತು, ಆದರೆ ಓಇಎಂ ಅನ್‌ಲಾಕಿಂಗ್ ಬೂದು ಬಣ್ಣದಲ್ಲಿದೆ. ಒತ್ತಿದರೆ ಏನೂ ಆಗುತ್ತಿಲ್ಲ.

ಉತ್ತರ: ಇಂಟರ್ನೆಟ್ ಆನ್ ಮಾಡಿ ಸ್ವಲ್ಪ ಹೊತ್ತು ಬಿಡಿ, ಎಷ್ಟೋ ಫೋನ್‌ಗಳು ಕಂಪನಿಯ ಸರ್ವರ್ ಕೇಳಿಯೇ ಆ ಬಟನ್ ತೆರೆಯುತ್ತವೆ. ಮೊಬೈಲ್ ಕಂಪನಿಯ ಜೊತೆ ಕರಾರಿನಲ್ಲಿ ಕೊಂಡ ಫೋನ್ ಆಗಿದ್ದರೆ ಅದು ತೆರೆಯದೆಯೂ ಇರಬಹುದು. ತೆರೆದರೆ ಆನ್ ಮಾಡಿ, ಫಾಸ್ಟ್‌ಬೂಟ್‌ಗೆ ಹೋಗಿ "ಫಾಸ್ಟ್‌ಬೂಟ್ ಫ್ಲ್ಯಾಶಿಂಗ್ ಗೆಟ್ ಅಂಡರ್‌ಸ್ಕೋರ್ ಅನ್‌ಲಾಕ್ ಅಂಡರ್‌ಸ್ಕೋರ್ ಎಬಿಲಿಟಿ" ಕಮಾಂಡ್ ಕೊಡಿ. 0 ಬಂದರೆ ಅಲ್ಲಿಗೇ ಬಿಟ್ಟುಬಿಡಿ, ಅಡ್ಡದಾರಿ ಹುಡುಕಬೇಡಿ. 1 ಬಂದರೆ ಈಗಿನ ಫರ್ಮ್‌ವೇರ್ ಆವೃತ್ತಿಯನ್ನು ಇಲ್ಲಿ ಬರೆಯಿರಿ, ಅನ್‌ಲಾಕ್ ಮಾಡುವ ಮುಂಚೆ ವಿಕಿಯ ಜೊತೆ ಹೋಲಿಸಿ ನೋಡೋಣ.